ಒಂದು ಡಬ್ಬಿ ಮುತ್ತು

"ಡಬ್ಬಿ ಮುಚ್ಚಳ ಬಿಗಿಯಾಗಿ ಹಾಕಿಟ್ಟಿದ್ದೀಯ ತಾನೇ, ಮೀಟರಮ್ಮಾ? ಗಾಳಿ ತಾಗಿದ್ರೆ ಮುತ್ತು ನೀರಾಗಿಬಿಡುತ್ತೆ."

ಸ್ಟೋರಿನವರು ಕೇಳಿದ್ದು ಇಷ್ಟೇ. ಹನ್ನೊಂದು ಗಂಟೆಯ ಚಹಾದ ಲೋಟ ಹಿಡಿದು, ಕೊಳಚೆ ನೀರಿನ ಘಟಕದ ಪಂಪುಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದರು. ಕೆಲಸಕ್ಕೆ ಸೇರಿ ಇನ್ನೂ ಒಂಬತ್ತು ದಿನ.

ಆಕೆ ನಕ್ಕಳು. ಗಂಟೆಗೊಮ್ಮೆ ಎಲ್ಲ ಮೀಟರುಗಳನ್ನೂ ನೋಡದಿದ್ದರೆ ಅನ್ನ ಸೇರುವುದಿಲ್ಲ ಎಂದು ಜೊತೆಯವರು ಇಟ್ಟ ಹೆಸರು ಅದು, ಮೀಟರಮ್ಮ. "ನೀರಾಗೋದಾ? ನೀರಲ್ಲೇ ಹುಟ್ಟಿದ್ದು ಅಣ್ಣಾ ಅದು. ತಿಂಗಳುಗಟ್ಟಲೆ ನೆನೆಹಾಕಿದ್ರೂ ಪೂರ್ತಿ ಕರಗಲ್ಲ. ಹೊಸಬರು ನೀವು, ಗೊತ್ತಾಗಲ್ಲ ಬಿಡಿ."

"ಚೆನ್ನಾಗಿದೆ! ಹದಿನೆಂಟು ವರ್ಷ ಸೋಪಿನ ಕಾರ್ಖಾನೇಲಿ ಮುತ್ತಿನ ಮೂಟೆ ಹೊತ್ತವನಿಗೆ ನೀನು ಪಾಠ ಹೇಳ್ತೀಯ."

ಮುತ್ತು ಅಂದರೆ ಗೊಬ್ಬರ; ಸೋಪಿನ ಕಾರ್ಖಾನೆಯಲ್ಲಿ ಗೊಬ್ಬರ ಯಾಕೆ? ನಗು ಇನ್ನೂ ಮುಖದ ಮೇಲಿರುವಾಗಲೇ ಆಕೆ ಮೀಟರು ಬಿಟ್ಟು ಅವರ ಕಡೆ ತಿರುಗಿದಳು.

ಈ ಘಟಕದಲ್ಲಿ ಮುತ್ತು ಎಂದರೆ ಒಂದೇ ಅರ್ಥ. ಊರಿನವರೆಲ್ಲ ಕಕ್ಕಸಿನಲ್ಲಿ ನೀರು ಸುರಿದು ಮರೆತುಬಿಡುವ ಕೊಳಚೆಯಲ್ಲಿ ರಂಜಕ ಇರುತ್ತದೆ. ಮೊದಲು ಅದು ಪೈಪುಗಳ ಒಳಗೆ ಕಲ್ಲಾಗಿ ಕಟ್ಟಿಕೊಳ್ಳುತ್ತಿತ್ತು. ಸುತ್ತಿಗೆ ಹಿಡಿದು ಒಡೆಯುವುದೇ ಒಂದು ನೌಕರಿಯಾಗಿತ್ತು. ಈಗ ಆ ನೀರನ್ನು ಎತ್ತರದ ಟ್ಯಾಂಕಿಗೆ ಹತ್ತಿಸಿ, ಮೆಗ್ನೀಸಿಯಂ ಬೆರೆಸಿ, ಚೂರು ಕ್ಷಾರ ಸೇರಿಸಿ ತಿರುಗಿಸಿದರೆ ರಂಜಕವು ಸಾಬೂದಾನಿಯಂಥ ಬಿಳಿ ಕಾಳುಗಳಾಗಿ ತಳಕ್ಕೆ ಇಳಿಯುತ್ತದೆ. ಒಳ್ಳೆ ಗೊಬ್ಬರ. ಅದೇ ಮುತ್ತು. ಆಕೆ ಮನೆಗೆ ಒಯ್ಯುತ್ತಿದ್ದದ್ದೂ ಅದನ್ನೇ, ಎರಡು ತಿಂಗಳಿಗೊಂದು ಡಬ್ಬಿ, ಮಾವನ ಹೂಕುಂಡಗಳಿಗೆ.

ಬೆಳಗ್ಗೆ ಗಂಡ ಗೇಟಿನಲ್ಲಿ ವ್ಯಾನು ನಿಲ್ಲಿಸಿ ಹಾರ್ನು ಹೊಡೆಯುತ್ತಿದ್ದ. ಆಕೆ ಸ್ಟೋರಿನ ಕಿಟಕಿಯೊಳಗೆ ಖಾಲಿ ಬಿಸ್ಕತ್ತಿನ ಡಬ್ಬಿ ಚಾಚಿ, "ಅಣ್ಣಾ, ಬೇಗ ಒಂದು ಡಬ್ಬಿ ಮುತ್ತು ಕೊಡಿ" ಅಂದಿದ್ದಳು.

"ಬೆಳ್ಳಂಬೆಳಗ್ಗೆ ಮುತ್ತು ಕೇಳ್ತೀಯಲ್ಲಮ್ಮಾ, ಅದೂ ಗಂಡನ್ನ ಹೊರಗೆ ನಿಲ್ಲಿಸಿ!"

ನಗುತ್ತಲೇ ಡಬ್ಬಿ ತೆಗೆದುಕೊಂಡು ಓಡಿ, ಗಂಡನ ವ್ಯಾನಿನಲ್ಲಿಟ್ಟು ಮನೆಗೆ ಕಳಿಸಿದ್ದಳು. ಮುಚ್ಚಳ ತೆಗೆದು ನೋಡಿರಲಿಲ್ಲ. ಎಲ್ಲವನ್ನೂ ಎರಡೆರಡು ಸಲ ನೋಡುವ ಮೀಟರಮ್ಮ, ಅದೊಂದನ್ನು ನೋಡಿರಲಿಲ್ಲ.

"ಅಣ್ಣಾ, ಯಾವ ಮೂಟೆಯಿಂದ ಕೊಟ್ರಿ?"

"ನೀಲಿ ಮೂಟೆ. ಕಾಸ್ಟಿಕ್ ಸೋಡಾ, ಬಿಳಿ ಕಾಳು. ಸೋಪಿನವರೆಲ್ಲ ಅದನ್ನೇ ಮುತ್ತು ಅನ್ನೋದು. ಈ ವಾರ ಕ್ಷಾರದ ಟ್ಯಾಂಕರ್ ಬರಲಿಲ್ಲ ಅಂತ ಮೂಟೇಲಿ ತರಿಸಿದ್ರಲ್ಲ, ನೀನು ಟ್ಯಾಂಕಿಗೆ ಹಾಕೋಕೆ ತಗೊಂಡೆ ಅಂದ್ಕೊಂಡೆ." ಅವರು ಲೋಟ ಕೆಳಗಿಟ್ಟರು. "ಯಾಕಮ್ಮಾ? ಎಲ್ಲಿದೆ ಅದು?"

"ಮನೇಲಿ. ಮಾವನ ಹತ್ರ." ಆಕೆ ಆಗಲೇ ಫೋನು ಒತ್ತುತ್ತಿದ್ದಳು. "ಅವರು ಎಲ್ಲದನ್ನೂ ನಾಲಿಗೆಗಿಟ್ಟು ನೋಡ್ತಾರೆ ಅಣ್ಣಾ."

ಮಾವ ನಲವತ್ತು ವರ್ಷ ಬೇಕರಿಯ ಒಲೆಯ ಮುಂದೆ ನಿಂತವರು. ಕಣ್ಣು ಮಂಜಾದ ಮೇಲೆ ಉಪ್ಪು ಯಾವುದು, ಸಕ್ಕರೆ ಯಾವುದು ಎಂದು ನಾಲಿಗೆಯೇ ಹೇಳಬೇಕು. ಮೊದಲ ಸಲ ಮುತ್ತು ತಂದಾಗ "ಛೀ, ಮೋರಿಯದ್ದು" ಎಂದು ಹಿಂದೆ ಸರಿದಿದ್ದರು. ಆಕೆಯೇ ಕೈಹಿಡಿದು ಮುಟ್ಟಿಸಿ, "ಏನೂ ಆಗಲ್ಲ ಮಾವ, ತೊಳೆದು ಒಣಗಿಸಿದ್ದು" ಎಂದು ಹೆದರಿಕೆ ಬಿಡಿಸಿದ್ದಳು. ಆಮೇಲೆ ಅವರು ಹೊಸ ಡಬ್ಬಿ ಬಂದಾಗೆಲ್ಲ ಒಂದು ಕಾಳು ನಾಲಿಗೆಗಿಟ್ಟು, "ಸಪ್ಪೆ. ಸರಿಯಾಗಿದೆ" ಎಂದು ಸರ್ಟಿಫಿಕೇಟು ಕೊಡುತ್ತಿದ್ದರು.

ಮಾವನ ಫೋನು ರಿಂಗಾಯಿತು, ಯಾರೂ ಎತ್ತಲಿಲ್ಲ. ಗಂಡನದ್ದು ಸ್ವಿಚ್ ಆಫ್. ಅಷ್ಟರಲ್ಲಿ ಸ್ಟೋರಿನವರು ಸ್ಕೂಟರು ಹೊರಗೆ ತಂದಿದ್ದರು. ಪಂಪಿನವನಿಗೆ ಕೂಗಿ ಹೇಳಿ ಆಕೆ ಹಿಂದೆ ಕೂತಳು. ಮನೆಯ ಕೆಳಗೆ ಇಸ್ತ್ರಿ ಅಂಗಡಿ ಇಟ್ಟಿದ್ದ ಅಕ್ಕನ ನಂಬರು ನೆನಪಾದದ್ದು ಮೊದಲ ಸಿಗ್ನಲ್ಲಿನಲ್ಲಿ.

"ಅಕ್ಕಾ, ಮೇಲೆ ಓಡಿ. ಬೆಳಗ್ಗೆ ಬಂದ ಡಬ್ಬಿ ಮುಟ್ಟಬೇಡಿ ಅಂತ ಮಾವನಿಗೆ ಹೇಳಿ. ಬಾಯಿಗೆ ಹಾಕಬೇಡಿ ಅನ್ನಿ!"

"ಏನೇ ಆಯ್ತು? ಇರು, ಹತ್ತುತಿದೀನಿ, ನನ್ನ ಮಂಡಿ ಬೇರೆ..." ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಏದುಸಿರು, ಆಮೇಲೆ ಬಾಗಿಲು ತಟ್ಟುವ ಸದ್ದು. "ತೆಗೀತಿಲ್ಲ ಕಣೇ. ಒಳಗಿಂದ ಚಿಲಕ ಹಾಕಿದೆ. ನಲ್ಲಿ ನೀರು ಸುರೀತಾ ಇರೋದು ಕೇಳಿಸ್ತಿದೆ."

"ಕೂಗಿ ಅಕ್ಕಾ!"

"ಕೂಗ್ತಿದೀನಿ! ಮೊದಲೇ ಕಿವಿ ಮಂದ ಅವರಿಗೆ. ನಾನು ಬಂದಾಗಿಂದ ನಲ್ಲಿ ನಿಂತೇ ಇಲ್ಲ ಕಣೇ."

ನಲ್ಲಿ ಯಾಕೆ ನಿಂತಿಲ್ಲ? ಬಾಯಿ ತೊಳೆಯುತ್ತಿದ್ದಾರಾ? ನಲ್ಲಿ ತೆರೆದೇ ಬಿದ್ದಿದ್ದಾರಾ? ತರಬೇತಿಯಲ್ಲಿ ತೋರಿಸಿದ ಫೋಟೋ ಆಕೆಯ ಕಣ್ಣ ಮುಂದೆ ಬಂದು ನಿಂತಿತು. ಕಾಸ್ಟಿಕ್ ತಾಗಿ ಸುಟ್ಟ ಬಾಯಿಯ ಫೋಟೋ. ಅವತ್ತು ಆಕೆ ಮುಖ ತಿರುಗಿಸಿಕೊಂಡಿದ್ದಳು.

"ಏನಾದ್ರೂ ಮಾತಾಡಮ್ಮಾ," ಎಂದರು ಸ್ಟೋರಿನವರು ಮುಂದಿನಿಂದ. "ನೀನು ಸುಮ್ಮನಿದ್ರೆ ನನಗೆ ದಾರೀನೇ ಕಾಣಲ್ಲ."

"ನೀವೇನು ಮಾಡ್ತೀರಿ ಅಣ್ಣಾ. ನಾನೇ ಮುಚ್ಚಳ ತೆಗೆದು ನೋಡಲಿಲ್ಲ."

"ಬೈ ನನ್ನ. ಬೈದ್ರೆ ವಾಸಿ."

"ಎಡಗಡೆ ತಿರುಗಿಸಿ. ಲಾರಿ ನೋಡ್ಕೊಂಡು!"

ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದರು. ಇಸ್ತ್ರಿ ಅಕ್ಕ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಳು. ಸ್ಟೋರಿನವರು ಹೆಲ್ಮೆಟ್ಟಿನಿಂದಲೇ ಬಾಗಿಲು ಗುದ್ದಿದರು. ಒಂದು, ಎರಡು, ಹತ್ತು. ಒಳಗೆ ಕಾಲೆಳೆಯುವ ಸದ್ದು. ಚಿಲಕ ಸರಿಯಲು ಬಹಳ ಹೊತ್ತು ಹಿಡಿಯಿತು, ಬೆರಳು ಜಾರುತ್ತಿರುವ ಹಾಗೆ.

ಮಾವ ನಿಂತಿದ್ದರು. ಬಲಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಾವಾ, ನಾಲಿಗೆಗೆ ಇಟ್ರಾ?"

"ಏನು?"

"ನಾಲಿಗೆಗೆ! ಮುತ್ತು! ಇಟ್ರಾ?"

"ಎಲ್ಲಿಂದ ಇಡಲಿ? ಕೈ ಶುದ್ಧ ಆಗ್ಬೇಕಲ್ಲ ಮೊದಲು. ತೊಳೀದ ಬೆರಳು ಬಾಯಿಗಿಡೋನು ಬೇಕರಿಯವನೇ ಅಲ್ಲ." ಅವರಿಗೆ ಈ ಗುಂಪು ಯಾಕೆ ಬಂದಿದೆ ಎಂದು ಅರ್ಥವಾಗಿರಲಿಲ್ಲ. "ಈ ಸಲದ ಮಾಲು ಸರಿಯಿಲ್ಲ ಕಣಮ್ಮಾ. ಮಗ್ಗಿನ ನೀರಿಗೆ ಒಂದು ಹಿಡಿ ಹಾಕಿ ಕೈಯಲ್ಲಿ ಕಲಸಿದೆ, ಒಲೆ ಮೇಲಿಟ್ಟ ಹಾಗೆ ಬಿಸಿ ಆಯ್ತು. ಕೈಯೆಲ್ಲ ಸೋಪು ಸೋಪು. ತೊಳೆದಷ್ಟೂ ಜಾರುತ್ತೆ."

ಆಕೆ ಅವರ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಜಾರುತ್ತಿದ್ದದ್ದು ಸೋಪಲ್ಲ, ಚರ್ಮ. ಮೂರು ಬೆರಳ ತುದಿ ನೆನೆದ ಕಾಗದದ ಹಾಗೆ ಬೆಳ್ಳಗಾಗಿತ್ತು. ಒಲೆಗೆ ಒಗ್ಗಿ ದಡ್ಡುಗಟ್ಟಿದ ಬೆರಳುಗಳಿಗೆ ನೋವು ಇನ್ನೂ ತಲುಪಿರಲಿಲ್ಲ.

"ಉರೀತಿಲ್ವಾ ಮಾವ?"

"ಸ್ವಲ್ಪ ಚುರುಚುರು. ಯಾಕೆ ಅಳ್ತೀಯ?" ಎನ್ನುತ್ತಾ ಬೆವರು ಒರೆಸಿಕೊಳ್ಳಲು ಅದೇ ಕೈಯನ್ನು ಕಣ್ಣಿನ ಕಡೆಗೆ ಎತ್ತಿದರು.

ಆಕೆ ಕಿರುಚಿ ಮಣಿಕಟ್ಟು ಹಿಡಿದಳು. ಹಾಗೇ ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಒತ್ತಿದಳು. "ತೆಗೀಬೇಡಿ. ಗಾಡಿ ಬರೋ ತನಕ ನೀರು ಬೀಳ್ತಾನೇ ಇರ್ಬೇಕು. ಅಣ್ಣಾ, ಆಸ್ಪತ್ರೆಗೆ ಒಂದು ಗಾಡಿ ನೋಡಿ!"

ಸ್ಟೋರಿನವರು ಇಳಿದು ಓಡಿದರು. ಮಾವ ಮಗುವಿನ ಹಾಗೆ ಕೈ ಒಪ್ಪಿಸಿ ನಿಂತರು.

"ಅಷ್ಟು ಕೆಟ್ಟದ್ದೇನಮ್ಮಾ ಅದು?"

"ಹೌದು ಮಾವ. ನಾನೇ ಕಳಿಸಿದ್ದು."

ನಲ್ಲಿ ಒಮ್ಮೆ ಗೊರಗುಟ್ಟಿತು. ನೀರಿನ ಧಾರೆ ದಾರದಷ್ಟಾಯಿತು, ಹನಿಯಾಯಿತು, ನಿಂತಿತು. ಇಷ್ಟು ಹೊತ್ತು ಸುರಿದು ಮೇಲಿನ ತೊಟ್ಟಿ ಬರಿದಾಗಿತ್ತು. ಬಾಗಿಲಲ್ಲಿದ್ದ ಇಸ್ತ್ರಿ ಅಕ್ಕ ಮಂಡಿಯನ್ನು ಮರೆತು ಕೆಳಗೆ ಓಡಿ, ಬಟ್ಟೆಗೆ ಚಿಮುಕಿಸಲು ತುಂಬಿಟ್ಟಿದ್ದ ಬಕೆಟ್ಟನ್ನು ಎರಡೂ ಕೈಯಲ್ಲಿ ಹೊತ್ತು ಬಂದು, ಮೊದಲ ಚೊಂಬು ಆ ಬೆರಳುಗಳ ಮೇಲೆ ಹೊಯ್ದಳು.