ಚೋಮಿ ಗಟ್ಟಿಯಾಗಿ ಓದಿದಳು

೧
ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಕಾವೇರಿಯಿಂದ ಶುರುಮಾಡಿದರೆ ಚಂದ. ಆದರೆ ನೆಲ್ಯಹುದಿಕೇರಿಯ ಹೊಳೆದಂಡೆಯಲ್ಲಿ ಮನೆ ಕಳೆದುಕೊಂಡ ಚೋಮಿಗೆ ನದಿಯ ವರ್ಣನೆ ಕೇಳುವ ತಾಳ್ಮೆಯಿಲ್ಲ. ಪೇಪರಿನಿಂದಲೇ ಶುರುಮಾಡುತ್ತೇನೆ.

ಚೋಮಿ ಕೂಲಿ ಮಾಡುವ ಎಸ್ಟೇಟಿನಲ್ಲಿ ಕಾಫಿ ಪಿಕಿಂಗ್ ನಡೆದಿತ್ತು. ಹತ್ತು ಗಂಟೆಯ ಚಹಾಕ್ಕೆ ಹೆಂಗಸರು ಕೂತಾಗ ಚೋಮಿ ದಿನಾ ಪೇಪರ್ ಓದಿ ಹೇಳುತ್ತಿದ್ದಳು. ಏಳನೇ ಕ್ಲಾಸಿನ ಓದು. ನಿಧಾನ, ಆದರೆ ಒಂದಕ್ಷರ ನುಂಗುವವಳಲ್ಲ. ಅವತ್ತಿನ ಅಂಕಣ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತ್ತು. ಪ್ರವಾಹದಲ್ಲಿ ಮನೆ ಹೋದವರಿಗಾಗಿ ಮೂರು ಸಲ ಅಡಿಗಲ್ಲು ಹಾಕಿದ್ದಾರೆ, ಗೋಡೆ ಒಂದೂ ಎದ್ದಿಲ್ಲ ಎಂದು ಬರೆದಿತ್ತು.

೨
ಮೊದಲ ಕರಡಿನಲ್ಲಿ ಎಸ್ಟೇಟ್ ರೈಟರ್ ತೀರ್ಥಪ್ರಸಾದನನ್ನು ದುಷ್ಟನನ್ನಾಗಿ ಮಾಡಿದ್ದೆ. ಹರಿದುಹಾಕಿದೆ. ಅವನು ಹಾಜರಿ ಬರೆಯುವವನು, ಮೇಲಿನವರ ಫೋನಿಗೆ ಹೆದರುವವನು, ಅಷ್ಟೇ. ಚೋಮಿ ಓದುವುದನ್ನು ಯಾರೋ ವಿಡಿಯೋ ಮಾಡಿ ಹಂಚಿದ್ದರು. ಆಳುವ ಪಕ್ಷದ ಮುಖಂಡನೊಬ್ಬ ಮಾಲೀಕರಿಗೆ ಫೋನ್ ಮಾಡಿದ್ದ. ಮರುದಿನ ಚಹಾದ ಹೊತ್ತಿಗೆ ತೀರ್ಥಪ್ರಸಾದ್ ಬಂದು, ಇನ್ನು ಓದಿದರೆ ಎಸ್ಟೇಟ್ ಕೊಟ್ಟಿರುವ ಲೈನಿನ ಮನೆ ಖಾಲಿ ಮಾಡಬೇಕಾಗುತ್ತದೆ ಎಂದ.

ಚೋಮಿ ಚಹಾದ ಲೋಟ ಕೆಳಗಿಟ್ಟಳು. ಹಿಂದಿನ ದಿನದ ಪೇಪರನ್ನು ಅವನ ಮುಂದೆ ಚಾಚಿದಳು.

"ಇದ್ರಲ್ಲಿ ಸುಳ್ಳು ಯಾವ್ದು ತೋರ್ಸಿ ರೈಟ್ರೇ. ಅದೊಂದು ಬಿಟ್ಟು ಓದ್ತೀನಿ."

ಅವನು ಓದಿದ. ಇನ್ನೊಮ್ಮೆ ಓದಿದ. ಅವನ ತಂಗಿಯ ಮನೆಯೂ ಅದೇ ಹೊಳೆಗೆ ಹೋಗಿತ್ತು.

"ಸುಳ್ಳೇನಿಲ್ಲ," ಎಂದ ಮೆಲ್ಲಗೆ. "ಆದ್ರೆ ಗಟ್ಟಿಯಾಗಿ ಯಾಕ್ ಓದ್ಬೇಕು ಚೋಮಿ?"

"ಓದಕ್ ಬರ್ದೋರೂ ಇಲ್ಲಿದಾರಲ್ಲ."

೩
(ಇಲ್ಲಿ ನಾನು ಅಡ್ಡಬಾಯಿ ಹಾಕಿದೆ. ಸುಮ್ಮನಿರು ಚೋಮಿ, ಕೊನೆಯ ಪುಟದಲ್ಲಿ ನಿನಗೊಂದು ಮನೆ ಬರೆದುಕೊಡುತ್ತೇನೆ ಎಂದೆ. "ನೀವೂ ಅಡಿಗಲ್ಲು ಹಾಕೋರೇನಾ?" ಎಂದು ಕೇಳಿದಳು. ಕಥೆಗಾರನಿಗೆ ಇದಕ್ಕಿಂತ ಮರ್ಯಾದೆ ಬೇಕೇ?)

೪
ಎರಡು ಅಂತ್ಯ ಬರೆದಿಟ್ಟಿದ್ದೆ. ಒಂದರಲ್ಲಿ ಅವಳು ಗಂಟುಮೂಟೆ ಕಟ್ಟುತ್ತಾಳೆ. ಇನ್ನೊಂದರಲ್ಲಿ ಮುಖಂಡ ಬಂದು ಕ್ಷಮೆ ಕೇಳುತ್ತಾನೆ (ನನಗೇ ನಗು ಬಂತು). ನಡೆದದ್ದು ಬೇರೆ. ಚೋಮಿ ಎದ್ದು ನಿಂತು ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು. ಮೂರನೆಯ ವಾಕ್ಯಕ್ಕೆ ಕೆಮ್ಮು ಹತ್ತಿ ಓದು ನಿಂತಿತು. ಪಕ್ಕದಲ್ಲಿ ಚಹಾಕ್ಕೆ ಕೂತಿದ್ದ ಪಿಕಿಂಗಿನ ಹುಡುಗಿ ರಮ್ಯ ಪೇಪರ್ ತೆಗೆದುಕೊಂಡು ಅಲ್ಲಿಂದಲೇ ಮುಂದುವರಿಸಿದಳು. ತೀರ್ಥಪ್ರಸಾದನ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಅವನು ತೆಗೆಯಲಿಲ್ಲ, ಹೆಂಗಸರ ಪಕ್ಕ ಕುಕ್ಕರುಗಾಲಿನಲ್ಲಿ ಕೂತ.

ಲೈನಿನ ಮನೆ ಉಳಿಯಿತೇ ಎಂದು ನನ್ನನ್ನು ಕೇಳಬೇಡಿ. ಅಂಕಣ ಇನ್ನೂ ಎರಡು ಪ್ಯಾರಾ ಇದೆ. ರಮ್ಯ ಓದುತ್ತಿದ್ದಾಳೆ, ನಾನು ಮಧ್ಯೆ ಮಾತಾಡುವುದಿಲ್ಲ.