ತೌನೋ ಹುಟ್ಟಿದ ಸೌನಾ

ಬೇಸಿಗೆಯಲ್ಲಿ ಫಿನ್‌ಲೆಂಡ್ ನೋಡಲು ಬರುವವರಿಗೆ ಅವರ ಏಜೆಂಟರು ಒಂದು ವಿಷಯವನ್ನು ಮಾತ್ರ ಹೇಳಿರುವುದಿಲ್ಲ. ಬೇಸಿಗೆಯಲ್ಲಿ ಫಿನ್‌ಲೆಂಡಿನವರು ಯಾರೂ ಕೈಗೆ ಸಿಗುವುದಿಲ್ಲ. ಜೂನ್ ನಡುವಿಗೆ ಎಲ್ಲರೂ ಸರೋವರದ ದಡದ ತಮ್ಮ ತಮ್ಮ ಬೇಸಿಗೆ ಮನೆಗೆ ಹೋಗಿ, ಫೋನನ್ನು ಎಲ್ಲೋ ಎಸೆದು, ಮೀನು ಹಿಡಿಯುತ್ತಾ ಕೂತುಬಿಡುತ್ತಾರೆ. ಊರಲ್ಲಿ ಉಳಿಯುವವರು ನನ್ನಂಥ ಪಾಪಿಗಳು.

ನನ್ನ ಹೆಸರು ಮಿರ್ಯಾ. ಸಾವೊನ್‌ಲಿನ್ನಾದಲ್ಲಿ ನಮ್ಮದು ಮೂರು ಜನರ ಕಚೇರಿ. ಹೊರದೇಶದ ಟ್ರಾವೆಲ್ ಏಜೆಂಟರು ತಮ್ಮ ಗಿರಾಕಿಗಳಿಗೆ ಬಾಯಿಗೆ ಬಂದದ್ದನ್ನೆಲ್ಲ ಮಾರಿಬಿಡುತ್ತಾರೆ. ಆಮೇಲೆ ಹಾಸಿಗೆ, ದೋಣಿ, ಮೀನಿನ ಸಾರು ಎಲ್ಲವನ್ನೂ ಹೊಂದಿಸುವುದು ನಮ್ಮ ಕರ್ಮ. ಜುಲೈನಲ್ಲಿ ಹಿಮದ ಮೇಲೆ ನಾಯಿಬಂಡಿ ಬೇಕು ಎಂದು ಒಬ್ಬ ಬರೆದಿದ್ದ. ರಾತ್ರಿ ಹನ್ನೊಂದಕ್ಕೂ ಹೊತ್ತು ಮುಳುಗುವುದಿಲ್ಲ, ತನ್ನ ಗಿರಾಕಿಗೆ ನಿದ್ದೆ ಬರುತ್ತಿಲ್ಲ, ಏನಾದರೂ ಮಾಡಿ ಎಂದು ಇನ್ನೊಬ್ಬಳು ದೂರು ಕೊಟ್ಟಿದ್ದಳು. ಸೂರ್ಯನಿಗೆ ನಾನು ಇ-ಮೇಲ್ ಕಳಿಸಲೇ?

ಆದರೆ ಈ ಸಲ ಫೆಬ್ರವರಿಯಲ್ಲಿ ಕೆನಡಾದ ಥಂಡರ್ ಬೇ ಊರಿನ ಡೆಲಿಯಾ ಕಳಿಸಿದ ಕೋರಿಕೆ ಬೇರೆ ಥರದ್ದಾಗಿತ್ತು. ಅವಳ ಗಿರಾಕಿ ತೌನೋ ಎಂಬ ಎಂಬತ್ಮೂರು ವರ್ಷದ ಮುದುಕ. ಹತ್ತನೇ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಇಲ್ಲಿಂದ ಹಡಗು ಹತ್ತಿದವನು ಮತ್ತೆ ಬಂದಿರಲೇ ಇಲ್ಲ. ಅವನಿಗೆ ನಮ್ಮೂರ ಕೋಟೆ ಬೇಡ, ಸಂಗೀತೋತ್ಸವ ಬೇಡ. ಲೆಪ್ಪಾಸಾರಿ ದ್ವೀಪದಲ್ಲಿ ಅವನು ಹುಟ್ಟಿದ ಸೌನಾ, ಅಂದರೆ ಮರದ ಬೆವರುಮನೆ, ಇನ್ನೂ ಇದೆಯಂತೆ, ನಡುಬೇಸಿಗೆ ಹಬ್ಬದ ದಿನ ಅದರೊಳಗೆ ಒಂದು ಸಲ ಬೆವರಬೇಕು, ಅಷ್ಟೇ. ಆ ಕಾಲದಲ್ಲಿ ಹೆರಿಗೆಗೆ ಸೌನಾವೇ ಜಾಗ. ಬಿಸಿನೀರು ಅಲ್ಲೇ, ಮನೆಯಲ್ಲಿ ಎಲ್ಲಕ್ಕಿಂತ ಶುಚಿಯಾದ ಕೋಣೆಯೂ ಅದೇ. ನನ್ನ ಅಜ್ಜಿಯೂ ಹುಟ್ಟಿದ್ದು ಹಾಗೆಯೇ.

ಆ ಜಾಗ ಈಗ ಕಾಲೆವಿ ಎಂಬ ನಿವೃತ್ತ ಬಡಗಿಯದು. ಅವನಿಗೆ ನಾನು ಅಂದೇ ಬರೆದೆ. ನಿಮ್ಮಲ್ಲಿ ಹಳೆಯ ಸೌನಾ ಇದೆಯೆಂದು ಕೇಳಿದೆ. ನಡುಬೇಸಿಗೆ ಹಬ್ಬಕ್ಕೆ ಕೆನಡಾದಿಂದ ಒಬ್ಬರು ಬರುತ್ತಾರೆ, ಅವರಿಗೆ ಅಲ್ಲಿ ಸೌನಾ ಸಿಗಬಹುದೇ? ಅಷ್ಟೇ ಬರೆದದ್ದು. ಹೆಚ್ಚು ಬರೆದು ಗುರುತಿಲ್ಲದವರ ತಲೆ ತಿನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಉತ್ತರ ಬರಲಿಲ್ಲ. ಮಾರ್ಚಿನಲ್ಲಿ ಮತ್ತೆ ಬರೆದೆ, ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಮೇ ಮೂರಕ್ಕೆ ಒಂದು ಸಂದೇಶ ಬಂತು. "ಆಗುತ್ತೆ." ಇದಿಷ್ಟನ್ನು ಇಟ್ಟುಕೊಂಡು ನಾನು ಡೆಲಿಯಾಳ ಇಪ್ಪತ್ತಾರು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಯಿತು. ಮೆಟ್ಟಿಲು ಎಷ್ಟು, ಹಿಡಿದುಕೊಳ್ಳಲು ಕಂಬಿ ಇದೆಯೇ, ಫೋಟೋ ಎಲ್ಲಿ. ಫೋಟೋ ಕಳಿಸಿ ಎಂದು ಕಾಲೆವಿಗೆ ಎರಡು ಸಲ ಕೇಳಿದೆ. ಗೋಡೆಗೆ ಕೇಳಿದ ಹಾಗಾಯಿತು. ಅವಳು ಅಲ್ಲಿಂದ ನನ್ನ ಜೀವ ಹಿಂಡುತ್ತಿದ್ದಳು, ಇವನು ಇಲ್ಲಿಂದ.

ಹಬ್ಬಕ್ಕೆ ಎರಡು ದಿನ ಮೊದಲು, ಬುಧವಾರ, ತಡೆಯಲಾರದೆ ನಾನೇ ಹೊರಟೆ. ಫೆರಿಯಲ್ಲಿ ದ್ವೀಪಕ್ಕೆ ದಾಟಿ, ಕಾಡುದಾರಿಯಲ್ಲಿ ಸೊಳ್ಳೆಗಳಿಗೆ ರಕ್ತದಾನ ಮಾಡುತ್ತಾ ಅವನ ದಡ ತಲುಪಿದೆ. ಕಾಲೆವಿ ಅರವತ್ತೈದರ ಎತ್ತರದ ಆಸಾಮಿ. ಹೆಸರು ಹೇಳಿದ ಕೂಡಲೇ ಮುಖ ಅರಳಿಸಿದ. ನಮ್ಮ ಕಡೆ ಮುಖ ಅರಳುವುದೆಂದರೆ ಹುಬ್ಬು ಸ್ವಲ್ಪ ಮೇಲೇರುವುದು. ನನ್ನನ್ನು ನೀರಿನಂಚಿಗೆ ಕರೆದೊಯ್ದ.

ಅಲ್ಲಿ ಹೊಚ್ಚಹೊಸ ಸೌನಾ ನಿಂತಿತ್ತು. ಹಳದಿ ಮರದ ಗೋಡೆ, ಸರೋವರದ ಕಡೆಗೆ ಇಡೀ ಗಾಜು, ಮೆಟ್ಟಿಲಿಗೆ ಕಂಬಿ. ಒಳಗೆ ಇನ್ನೂ ರಾಳದ ವಾಸನೆ.

ಹಳೆಯದು ಎಲ್ಲಿ ಎಂದು ಕೇಳಿದೆ. ಅವನು ಗದ್ದದಿಂದಲೇ ದಡದ ಬಂಡೆಯ ಕಡೆ ತೋರಿಸಿದ. ಹಬ್ಬದ ಬೆಂಕಿಗೆ ಊರವರು ಒಟ್ಟಿದ್ದ ರಾಶಿ ಅಲ್ಲಿತ್ತು. ಒಂದು ಒಡೆದ ದೋಣಿ, ಒಣಗಿದ ರೆಂಬೆ, ಅದರಡಿ ಮಸಿ ಹಿಡಿದು ಕರ್ರಗಾದ ಮರದ ದಿಮ್ಮಿಗಳು.

 ನಾನು ಕೇಳಿದ್ದೇ ಹಳೆಯ ಸೌನಾ ಎಂದು ಕಿರುಚಿದೆ. ಅವನು ಗೊಂದಲದಿಂದ ನನ್ನನ್ನೇ ನೋಡಿದ.

"ಅಷ್ಟು ದೂರದಿಂದ ಬರೋ ಮನುಷ್ಯನ್ನ ಆ ಮುರುಕಲು ಗೂಡಲ್ಲಿ ಕೂರ್ಸೋಕಾಗುತ್ತಾ? ಹಳೇದು ಅಂತ ನಿಂಗೂ ಗೊತ್ತಾಗ್ಬಿಟ್ಟಿದೆ ಅಂತ ನಾಚ್ಕೆ ಆಯ್ತು ಕಣಮ್ಮ. ಮಾರ್ಚಿಂದ ಕೂತು ಅದೇ ಜಾಗದಲ್ಲಿ ಹೊಸದು ಕಟ್ದೆ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಮುಗಿಯೋಕ್ಮುಂಚೆ ಏನಂತ ಹೇಳೋದು?"

ಬರುವ ಮುದುಕ ಅದರೊಳಗೇ ಹುಟ್ಟಿದವನು ಎಂದೆ.  ಇದನ್ನು ನೀನು ಬರೆದಿರಲಿಲ್ಲ ಎಂದು ಕಾಲೆವಿ ಮೆಲ್ಲಗೆ ಹೇಳಿದ. ಬೈದಿದ್ದರೆ ಪರವಾಗಿರಲಿಲ್ಲ.

ಡೆಲಿಯಾಳಿಗೆ ಫೋನ್ ಮಾಡಿದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಹೊಸದು ಹಳೆಯ ಜಾಗದಲ್ಲೇ ಇದೆಯಲ್ಲ, ಹಳೆಯದನ್ನೇ ರಿಪೇರಿ ಮಾಡಿದ್ದಾರೆ ಅಂತ ಹೇಳಿಬಿಡು, ಆ ವಯಸ್ಸಿನಲ್ಲಿ ಅವರಿಗೇನು ಗೊತ್ತಾಗುತ್ತೆ ಅಂದಳು. ನಿಜ ಹೇಳುತ್ತೇನೆ, ಆ ಮಾತಿಗೆ ನನ್ನ ಮನಸ್ಸು ಆಸೆಪಟ್ಟಿತು. ಎರಡು ದಿನ ಅದನ್ನೇ ಹೇಗೆ ಹೇಳುವುದೆಂದು ಬಾಯಿಪಾಠ ಮಾಡಿದೆ.

ಶುಕ್ರವಾರ ಮಧ್ಯಾಹ್ನ ತೌನೋ ಫೆರಿಯಿಂದ ಇಳಿದ. ಸಣ್ಣ ಆಳು, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಸುತ್ತಿದ ಲಿನನ್ ಟವೆಲ್. ಅಮ್ಮ ಇಲ್ಲಿಂದ ಒಯ್ದ ಟವೆಲ್ ಅದು ಎಂದ. ಅವನ ಫಿನ್ನಿಶ್ ನನ್ನ ಅಜ್ಜಿಯ ಕಾಲದ್ದು. ಆ ಟವೆಲ್ ನೋಡಿದ ಮೇಲೆ ನನಗೆ ಸುಳ್ಳು ಬಾಯಿಗೆ ಬರಲಿಲ್ಲ. ದಾರಿಯಲ್ಲೇ ಎಲ್ಲ ಹೇಳಿಬಿಟ್ಟೆ.

ಅವನು ಸಮಾಧಾನದ ಮಾತೇನೂ ಆಡಲಿಲ್ಲ. ಮುದುಕರು ಕ್ಷಮಿಸುತ್ತಾರೆ ಎಂದು ನಾವು ಸುಮ್ಮನೆ ಅಂದುಕೊಂಡಿರುತ್ತೇವೆ. ಕಾಲೆವಿಯ ಮುಂದೆ ಹೋಗಿ ನಿಂತು, ಗಾಜಿನ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ.

"ಹನ್ನೊಂದು ಗಂಟೆ ವಿಮಾನದಲ್ಲಿ ಕೂತು ಬಂದಿದ್ದು ಇದನ್ನ ನೋಡೋಕಲ್ಲ. ಇಂಥದ್ದು ನಮ್ಮೂರ ಹೋಟ್ಲಲ್ಲೂ ಇದೆ."

ಕಾಲೆವಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮುದುಕ ಅವನನ್ನು ಬಿಟ್ಟು ನೇರ ಬೆಂಕಿಯ ರಾಶಿಯ ಹತ್ತಿರ ನಡೆದ. ಬಗ್ಗಿ ಒಂದು ದಿಮ್ಮಿಯ ತುದಿಯ ಮಸಿಯನ್ನು ಹೆಬ್ಬೆರಳಿನಿಂದ ಉಜ್ಜಿದ. ಇನ್ನೊಂದನ್ನು ಉಜ್ಜಿದ. ಮೂರನೆಯದಕ್ಕೆ ಬರುವಾಗ ಅವನ ಉಸಿರು ಜೋರಾಗಿತ್ತು. ಮಸಿಯಡಿ ಕೊಡಲಿಯ ಗೀರುಗಳಿದ್ದವು. ಒಂದರಲ್ಲಿ ನಾಲ್ಕು, ಒಂದರಲ್ಲಿ ಏಳು. ತಾನು ಹುಟ್ಟುವ ಮೊದಲು ಅಪ್ಪ ಈ ಸೌನಾವನ್ನು ಆಚೆ ದಡದಲ್ಲಿ ಬಿಚ್ಚಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಕುದುರೆಯಿಂದ ಎಳೆಸಿ ತಂದದ್ದಂತೆ. ಯಾವುದರ ಮೇಲೆ ಯಾವುದು ಎಂದು ಪ್ರತಿ ದಿಮ್ಮಿಗೂ ಗುರುತು ಹೊಡೆದಿದ್ದನಂತೆ.

ನಲವತ್ತು ವರ್ಷ ಮರದ ಕೆಲಸ ಮಾಡಿದ ಕಾಲೆವಿಗೆ ಆ ಗುರುತು ಕಂಡಿರಲಿಲ್ಲ. ಅವನ ಮುಖ ಕೆಂಪೇರಿತು. ರಾಶಿಯ ಮೇಲಿನ ದೋಣಿಯನ್ನು ಪಕ್ಕಕ್ಕೆ ಎಳೆದು, ದಿಮ್ಮಿಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದ.

ಸಂಜೆ ಊರವರು ಸಾಸೇಜು, ಬಿಯರ್ ಹಿಡಿದುಕೊಂಡು ಬಂದಾಗ ಬೆಂಕಿಗೆ ಉಳಿದದ್ದು ಆ ದೋಣಿ ಮತ್ತು ಒಂದಿಷ್ಟು ರೆಂಬೆ. ಇಂಥ ಬಡಕಲು ಬೆಂಕಿ ಈ ದ್ವೀಪ ಕಂಡಿರಲಿಲ್ಲ ಎಂದು ಗೊಣಗಿದರು. ಆದರೂ ಶನಿವಾರ ಹ್ಯಾಂಗೋವರ್ ಇಳಿಯುವ ಮೊದಲೇ ಹಳೆಯದನ್ನು ಹೊಸದರ ಪಕ್ಕ ಮತ್ತೆ ಕಟ್ಟಲೆಂದು ನಾಲ್ಕು ಜನ ದಿಮ್ಮಿ ಎತ್ತಲು ಬಂದರು. ತೌನೋ ಕುರ್ಚಿ ಹಾಕಿಕೊಂಡು ಗೀರು ಎಣಿಸುತ್ತಾ, ಇದು ಉತ್ತರದ ಗೋಡೆಗೆ, ಅದು ಬಾಗಿಲ ಬದಿಗೆ ಎಂದು ಎಲ್ಲರನ್ನೂ ಗದರಿಸುತ್ತಿದ್ದ. ಕೆಳಗಿನ ಎರಡು ವರಸೆ ಕೊಳೆತಿದ್ದವು. ಅವುಗಳ ಬದಲಿಗೆ ಕಾಲೆವಿ ಹೊಸ ಮರ ಕಡಿದು ಕೂರಿಸಿದ. ನಾನು ಕಾಫಿ ಮಾಡಿ ಹೊತ್ತೆ, ಸೊಳ್ಳೆ ಹೊಡೆದೆ, ಗಡಿಯಾರ ನೋಡಿದೆ. ಡೆಲಿಯಾ ಹಾಕಿದ್ದ ಯೋಜನೆಯ ಪ್ರಕಾರ ಭಾನುವಾರ ಎರಡರ ಫೆರಿ ತಪ್ಪುವಂತಿರಲಿಲ್ಲ, ಮಾರನೆಯ ದಿನ ಅವನ ವಿಮಾನ.

ಭಾನುವಾರ ಒಂದೂವರೆಗೆ ಗೋಡೆ ನನ್ನ ಎದೆಯವರೆಗೆ ಬಂದಿತ್ತು. ಮೇಲೆ ಮಾಡು ಇಲ್ಲ, ಬಾಗಿಲಿಲ್ಲ, ಒಲೆಯ ಕಲ್ಲು ಇನ್ನೂ ಹೊರಗೇ ಬಿದ್ದಿತ್ತು. ಕೆಲಸ ನಿಲ್ಲಿಸಿ ಎಲ್ಲರೂ ಹಿಂದೆ ಸರಿದರು. ಕಾಲೆವಿ ಹಳೆಯ ಕೂರುವ ಹಲಗೆಯನ್ನು ಒರೆಸಿ ಒಳಗೆ ಹಾಕಿಕೊಟ್ಟ. ತೌನೋ ಅದರ ಮೇಲೆ ಟವೆಲ್ ಹಾಸಿ, ಇಸ್ತ್ರಿ ಅಂಗಿಯಲ್ಲೇ, ತಣ್ಣಗಿನ ಗೋಡೆಗಳ ನಡುವೆ ಬಿಸಿಲಲ್ಲಿ ಕೂತ. ಹತ್ತು ನಿಮಿಷ ಕೂತಿದ್ದು ಎದ್ದ. ಹೊರಗೆ ಬರುವಾಗ ಅವನು ಇದು ಇಷ್ಟು ಚಿಕ್ಕದು ಅಂತ ಗೊತ್ತಿರಲಿಲ್ಲ ಎಂದ, ಅಷ್ಟೇ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಫೆರಿಯಲ್ಲಿ ಅವನು ನನ್ನನ್ನು ಪಕ್ಕಕ್ಕೆ ಕರೆದ.

"ಫೆಬ್ರವರೀಲಿ ಆ ಬಡಗಿಗೆ ಏನಂತ ಬರ್ದಿದ್ದೆ? ತೋರ್ಸು."

ಫೋನ್ ತೆಗೆದು ಕೊಟ್ಟೆ. ಕನ್ನಡಕ ಏರಿಸಿ ಓದಿದ. ಓದಿ ಮುಗಿಸಲು ಹೊತ್ತೇ ಬೇಕಾಗಲಿಲ್ಲ.

"ನಮ್ಮಪ್ಪ ಗಣಿ ಕ್ಯಾಂಪಿಂದ ಅಮ್ಮಂಗೆ ಹೀಗೇ ಬರೀತಿದ್ದ. ಕ್ಷೇಮ, ಚಳಿ ಇದೆ, ಅಂತ. ಅಮ್ಮ ಅದನ್ನಿಟ್ಕೊಂಡು ರಾತ್ರಿಯೆಲ್ಲ ಅಳ್ತಿದ್ಲು." ಫೋನ್ ವಾಪಸು ಕೊಟ್ಟ. "ಮುಂದಿನ ಜೂನಿಗೆ ನನ್ನ ಹೆಸ್ರು ಬರ್ಕೋ. ಈ ಸಲ ಅವನಿಗೆ ಸರಿಯಾಗಿ ಬರಿ."

ಆ ಹೊತ್ತಿಗೆ ಅವನಿಗೆ ಎಂಬತ್ತನಾಲ್ಕಾಗಿರುತ್ತದೆ. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಸೋಮವಾರ ಡೆಲಿಯಾಳ ನಮೂನೆ ಬಂತು. ಸೌನಾ ಅನುಭವಕ್ಕೆ ಐದರಲ್ಲಿ ಎಷ್ಟು ಅಂಕ, ಎಲ್ಲವೂ ಯೋಜನೆಯಂತೆ ನಡೆಯಿತೇ, ಹೌದು ಅಥವಾ ಇಲ್ಲ. ಅದನ್ನು ಮುಚ್ಚಿಟ್ಟು ಕಾಲೆವಿಗೆ ಬರೆಯಲು ಕೂತೆ. ಟವೆಲಿನ ವಿಷಯ, ಗಣಿಯ ಪತ್ರಗಳ ವಿಷಯ, ಎಂಬತ್ತನಾಲ್ಕರ ವಿಷಯ, ನನ್ನ ತಪ್ಪಿನ ವಿಷಯ. ಜನ್ಮದಲ್ಲಿ ಯಾರಿಗೂ ಅಷ್ಟು ಬರೆದವಳಲ್ಲ. ಕಳಿಸುವಾಗ ಬಟ್ಟೆ ಬಿಚ್ಚಿ ನಿಂತಷ್ಟು ನಾಚಿಕೆಯಾಯಿತು.

ಜುಲೈ ಹೋಯಿತು, ಆಗಸ್ಟ್ ಹೋಯಿತು. ಅವನಿಂದ ಸುದ್ದಿಯಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ, ನಾನು ಆಸೆ ಬಿಟ್ಟ ಮೇಲೆ, ಒಂದು ಸಂದೇಶ ಬಂತು.

"ಮಾಡು ಹಾಕಾಯ್ತು. ಹೊಗೆ ಚೆನ್ನಾಗಿ ಹೋಗುತ್ತೆ."

ಅದನ್ನು ಹಾಗೇ ಅನುವಾದಿಸಿ ಡೆಲಿಯಾಳಿಗೆ ಕಳಿಸಿದೆ. ಐದೇ ನಿಮಿಷಕ್ಕೆ ಅವಳ ಉತ್ತರ ಬಂತು. ಇದರ ಅರ್ಥವೇನು, ಬುಕಿಂಗ್ ಖಚಿತವೋ ಅಲ್ಲವೋ, ಫೋಟೋ ಎಲ್ಲಿ?

ನಾನು ಹಲ್ಲು ಕಚ್ಚಿದೆ. ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕಾಲೆವಿ ಆ ನಾಲ್ಕೈದು ಪದಗಳಲ್ಲಿ ಏನೇನು ಹೇಳಿದ್ದಾನೆ ಎಂದು ಅವಳಿಗೆ ಬರೆಯತೊಡಗಿದೆ. ಎರಡು ಪುಟವಾಯಿತು.