ಉಡದಾರದ ಕೀಲಿಕೈ

ಮೋರಖಂಡಿಯ ಮಚ್ಚೇಂದ್ರನ ಹಟದ ಮುಂದೆ ಯಾರ ಆಟವೂ ನಡೆಯುವುದಿಲ್ಲ ಅನ್ನುವುದು ಹುಮನಾಬಾದಿನ ಆ ಔಷಧಿ ಕಾರ್ಖಾನೆಯ ಗೇಟಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಧನರಾಜನಿಗೂ ಗೊತ್ತಿತ್ತು, ಆದರೆ ಗಂಟಲಲ್ಲಿ ಇಳಿದಿರಲಿಲ್ಲ. ಇಬ್ಬರೂ ಸೈನ್ಯದಿಂದ ಪೆನ್ಶನ್ ಬಂದವರು, ಇಬ್ಬರೂ ಸ್ವಂತ ಲೈಸೆನ್ಸಿನ ಜೋಡುನಳಿಗೆ ಬಂದೂಕು ಹೊತ್ತು ಇಲ್ಲಿ ಕಾವಲಿಗೆ ಸೇರಿದವರು. ಆದರೆ ಮಚ್ಚೇಂದ್ರ ಸೈನ್ಯದಲ್ಲಿ ಬಹುಕಾಲ ಬಂದೂಕಿನ ಕೋಣೆ ಕಾದ ಹವಾಲ್ದಾರ. ಸಿಪಾಯಿಗಳು ಆ ಕೋಣೆಗೆ ಕೋತ್ ಅನ್ನುತ್ತಾರೆ. ಪೆನ್ಶನ್ ಬಂದರೂ ಕೋತ್ ಅವನನ್ನು ಬಿಡಲಿಲ್ಲ. ಕಾವಲುಗಾರರ ಮುಖ್ಯಸ್ಥನಾದ ಮೊದಲ ವಾರವೇ ಗೇಟಿನ ಕೋಣೆಯಲ್ಲಿ ಒಂದು ಕಬ್ಬಿಣದ ತಿಜೋರಿ ತಂದಿಡಿಸಿದ. ಪಾಳಿ ಮುಗಿಯಿತೋ, ಬಂದೂಕು ಅದರೊಳಗೆ. ಕೀಲಿಕೈ ಅವನ ಉಡದಾರದಲ್ಲಿ.

ಬಂದೂಕು ತೆಗೆದುಕೊಳ್ಳುವುದಕ್ಕೂ ಅವನದೇ ಒಂದು ಪದ್ಧತಿ. ಎದುರು ನೆಟ್ಟಗೆ ನಿಂತು ಹೆಸರು ಹೇಳಬೇಕು, ಯಾವ ಕೆಲಸಕ್ಕೆ ಅಂತ ನಾಲ್ಕು ಜನರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಬೇಕು. ದಿನಾ ಉತ್ತರ ಒಂದೇ, ಗೇಟ್ ಪಹರೆ. ಆದರೂ ಹೇಳಬೇಕು. ಜ್ವರ ಬಂದು ನಡುಗುವವನೂ ಹೇಳಬೇಕು.

ಧನರಾಜನಿಗೆ ಉರಿಯುತ್ತಿದ್ದದ್ದು ಇಲ್ಲೇ. ಹುಡಗಿ ಎಂಬ ಊರಲ್ಲಿ ಅವನದು ಹೊಲಮನೆ ಇದ್ದ ಪಾಟೀಲರ ವಂಶ. ಮಚ್ಚೇಂದ್ರನ ಅಪ್ಪ ಇಂಥವರ ಹೊಲದಲ್ಲೇ ಕೂಲಿ ಮಾಡಿದವನು. ಹೊಲ ಪಾಲು ಆದ ಮೇಲೆ ಧನರಾಜನ ಜೊತೆ ಮಾತು ಬಿಟ್ಟಿದ್ದ ಅವನ ಅಣ್ಣ ಶಿವರಾಜ, ಊರ ಕಟ್ಟೆಯ ಮೇಲೆ ಅವನಿಗೆ ಕೇಳುವ ಹಾಗೆಯೇ ಅಂದಿದ್ದ: "ಪಾಟೀಲರ ಬಂದೂಕ ಈಗ ಮೋರಖಂಡಿಯವನ ಉಡದಾರಕ್ಕ ಜೋತಾಡಾಕತ್ತದ ನೋಡ್ರಪ್ಪಾ."

ಎರಡು ಸಾವಿರದ ಎರಡರ ಬೇಸಿಗೆ. ಸಿಪಾಯಿಗಳ ಕ್ಯಾಂಪಿಗೇ ನುಗ್ಗಿ ಹೊಡೆಯುವ ಸುದ್ದಿ ಆಗೀಗ ರೇಡಿಯೋದಲ್ಲಿ ಬರುತ್ತಿದ್ದ ಕಾಲ. ಅಂಥ ಒಂದು ಸುದ್ದಿ ಕೇಳಿದ ದಿನ ಧನರಾಜ ಚಹಾದ ಲೋಟ ಕೆಳಗಿಟ್ಟು ಮಚ್ಚೇಂದ್ರನ ಕಡೆ ತಿರುಗಿದ.

"ನಮ್ಮ ಕ್ಯಾಂಪಿನ್ಯಾಗೂ ಒಮ್ಮೆ ಹಿಂಗ ಆಗಿತ್ತು ಉಸ್ತಾದ. ಗುಂಡಿನ ಸಪ್ಪಳ ಕೇಳಿ ಎಲ್ಲಾರೂ ಕೋತಿನ ಕಡಿ ಓಡಿದ್ವಿ. ಸೂರ್ಯಕಾಂತ ಅಂತ ನನ್ನ ಗೆಳೆಯ, ನನ್ನ ಮುಂದಽ ಓಡಾಕತ್ತಿದ್ದ. ಬರಿಗೈಲೇ ಬಿದ್ದ. ತನ್ನ ಕ್ಯಾಂಪಿನ್ಯಾಗ ಒಬ್ಬ ಸಿಪಾಯಿ ಬರಿಗೈಲೇ ಸತ್ತ. ಅವನ ಬಂದೂಕ ಅವನ ಹತ್ರ ಇದ್ದಿದ್ರ?"

ಮಚ್ಚೇಂದ್ರನೂ ಲೋಟ ಕೆಳಗಿಟ್ಟ. "ಇದ್ದಿದ್ರ ಬದುಕತಿದ್ದನೇನೋ. ಇಲ್ಲ ಅನ್ನಾಂಗಿಲ್ಲ ನಾ. ಪಹರೆ ಕಡಿಮಿ ಇಟ್ಟಿದ್ರು, ಅದು ತಪ್ಪ. ಆದ್ರ ಪಹರೆ ಇಲ್ಲದವನಿಗೂ ಬಂದೂಕ ಕೊಟ್ಟು ಕುಂಡ್ರಸಬಾರದು. ವೈರಿ ಎಂದೋ ಒಮ್ಮೆ ಬರ್ತಾನ ಧನರಾಜ. ಸಿಟ್ಟು ದಿನಾ ಬರ್ತದ."

"ಅಂದ್ರ ನನ್ನ ಮ್ಯಾಲ ನಂಬಿಗಿ ಇಲ್ಲ."

"ನಿನ್ನ ಮ್ಯಾಲ ಅದ. ನಿನ್ನ ಸಿಟ್ಟಿನ ಮ್ಯಾಲ ಇಲ್ಲ."

ಧನರಾಜ ಎದ್ದು ಹೋದ. ಎರಡು ದಿನ ಮಾತಾಡಲಿಲ್ಲ. ಸತ್ತ ಗೆಳೆಯನನ್ನು ಎದುರು ತಂದು ನಿಲ್ಲಿಸಿದರೂ ಕರಗದ ಮನುಷ್ಯ ಎಂಥವನು ಅಂತ ಒಳಗೊಳಗೇ ಬೈದುಕೊಂಡ.

ಆ ವಾರವೇ ಒಂದು ಮಧ್ಯಾಹ್ನ ಅವನ ಪಾಳಿ ಮುಗಿದಿತ್ತು. ಬಂದೂಕು ತಿಜೋರಿ ಸೇರಿತ್ತು. ನಳದಲ್ಲಿ ಮುಖ ತೊಳೆಯುತ್ತಿದ್ದಾಗ ಊರಿನ ಕಾಶಿರಾಮ ಲೂನಾ ಓಡಿಸಿಕೊಂಡು ಬಂದ. ಕೆಟ್ಟ ಸುದ್ದಿಯನ್ನು ಬಿಸಿಬಿಸಿಯಾಗಿ ಮುಟ್ಟಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

"ನಿಮ್ಮಣ್ಣ ನಡುವಿನ ಒಡ್ಡು ಒಡಸ್ಯಾನ್ರಿ. ನಿಮ್ಮಪ್ಪನ ಗದ್ದಿಗಿ ಮ್ಯಾಲಽ ಟ್ರ್ಯಾಕ್ಟರ್ ಹೋಗ್ಯದ. ಒಂದ್ ಕಲ್ಲೂ ಉಳಿದಿಲ್ಲ."

ಅಪ್ಪನನ್ನು ಮಣ್ಣು ಮಾಡಿದ್ದು ಅಣ್ಣ ತಮ್ಮಂದಿರ ಹೊಲಗಳ ನಡುವಿನ ಒಡ್ಡಿನ ಮೇಲೆ. ಆ ಗದ್ದುಗೆಯ ಒಂದೊಂದು ಕಲ್ಲನ್ನೂ ಧನರಾಜ ರಜೆಯ ಮೇಲೆ ಬಂದಾಗ ತಾನೇ ಹೊತ್ತು ತಂದಿದ್ದ. ಮುಖ ಒರೆಸಿಕೊಳ್ಳಲೂ ಇಲ್ಲ, ಹಾಗೆಯೇ ನೀರು ಸುರಿಸಿಕೊಂಡು ಗೇಟಿನ ಕೋಣೆಗೆ ನುಗ್ಗಿದ. ಇವತ್ತು ಶಿವರಾಜ ಉಳಿಯಬಾರದು ಅನ್ನುವುದೊಂದೇ ಅವನ ತಲೆಯಲ್ಲಿದ್ದದ್ದು.

"ತಿಜೋರಿ ತಗೀರಿ."

ಕೋಣೆಯಲ್ಲಿ ಮುಂದಿನ ಪಾಳಿಯ ವೈಜನಾಥ ಇದ್ದ, ಚಹಾ ತಂದ ವಜೀರಬಿ ಇದ್ದಳು. ಹಿಂದೆಯೇ ಬಂದ ಕಾಶಿರಾಮ ಬಾಗಿಲಲ್ಲಿ ನಿಂತು ಇಣುಕುತ್ತಿದ್ದ. ಮಚ್ಚೇಂದ್ರ ಧನರಾಜನ ಮುಖ ಒಮ್ಮೆ ನೋಡಿದ. ಇಲ್ಲ ಅನ್ನಲಿಲ್ಲ. ಉಡದಾರ ಸಡಿಲಿಸಿ, ತಿಜೋರಿ ತೆಗೆದು, ಬಂದೂಕು ಎತ್ತಿ, ನಳಿಗೆ ಬಾಗಿಸಿ ತೆರೆದು ಖಾಲಿ ಇದೆಯೆಂದು ನೋಡಿ, ಎರಡೂ ಅಂಗೈ ಮೇಲೆ ಅಡ್ಡ ಹಿಡಿದ.

"ಹೆಸರು?"

"ನಿಮಗ ಗೊತ್ತಿಲ್ಲೇನು?"

"ಹೆಸರು?"

"ಧನರಾಜ."

"ಯಾವ ಕೆಲಸಕ್ಕ?"

"ನನ್ನ ಬಂದೂಕ, ನನ್ನ ಲೈಸೆನ್ಸ. ನಿನ್ನಂಥವನ ಮುಂದ ನಾ ಯಾಕ ಹೇಳಬೇಕು?"

ವಜೀರಬಿಯ ಕೈಯಲ್ಲಿದ್ದ ಕೆಟಲಿ ನಿಂತಲ್ಲೇ ನಿಂತಿತು. ಆ 'ನಿನ್ನಂಥವ' ಅಂದರೆ ಏನು ಅಂತ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಮಚ್ಚೇಂದ್ರನ ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗಲಿಲ್ಲ.

"ನಿಂದಽ ಅದ. ಕೊಡ್ತೀನಿ, ಕಾಡತೂಸೂ ಕೊಡ್ತೀನಿ. ಯಾವ ಕೆಲಸಕ್ಕ ಅಂತ ಗಟ್ಟಿಯಾಗಿ ಹೇಳು. ವಜೀರಬಿಗೆ ಕೇಳಬೇಕು."

ಒಂದು ಸುಳ್ಳು ಸಾಕಾಗಿತ್ತು. ಹೊಲಕ್ಕೆ ನುಗ್ಗುವ ಹಂದಿ ಓಡಿಸಲಿಕ್ಕೆ ಅಂದಿದ್ದರೆ ಆಯಿತು. ಆದರೆ ನೌಕರಿ ಉದ್ದಕ್ಕೂ ಕೋತಿನ ಕಿಟಕಿಯ ಮುಂದೆ ನಿಂತು ಖರೆ ಬಿಟ್ಟು ಬೇರೆ ಆಡದ ನಾಲಿಗೆ ಅದು, ಇವತ್ತು ಸುಳ್ಳಿಗೆ ಹೊರಳಲಿಲ್ಲ. ಹೇಳಿಯೇ ಬಿಡುತ್ತೇನೆ ಅಂತ ಧನರಾಜ ಬಾಯಿ ತೆರೆದ.

"ಅಣ್ಣ..."

ಪಾಲು ಆದಾಗಿನಿಂದ ಆ ಮಾತು ಅವನ ಬಾಯಿಗೆ ಬಂದಿರಲಿಲ್ಲ. ಸೈನ್ಯಕ್ಕೆ ಹೊರಟ ದಿನ ಅವನ ಟ್ರಂಕು ತಲೆ ಮೇಲೆ ಹೊತ್ತು ರಸ್ತೆಯವರೆಗೆ ಬಂದವನು ಅದೇ ಅಣ್ಣ. ಬಸ್ಸು ಮರೆಯಾಗುವ ತನಕ ಕೈ ಎತ್ತಿಕೊಂಡೇ ನಿಂತಿದ್ದ. ಇನ್ನೊಂದೇ ಮಾತು ಸೇರಿಸಿದರೆ ಬಂದೂಕು ಕೈಗೆ ಬರುತ್ತಿತ್ತು. ಆ ಮಾತನ್ನು ವಜೀರಬಿಯ ಮುಂದೆ, ವೈಜನಾಥನ ಮುಂದೆ, ತನ್ನ ಕಿವಿಯ ಮುಂದೆ ಆಡಲು ಅವನಿಂದ ಆಗಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ವಜೀರಬಿ ಅವನ ಕೈಗೆ ಚಹಾ ಹಿಡಿಸಿದಳು.

ಮಚ್ಚೇಂದ್ರ ಬಂದೂಕು ಒಳಗಿಟ್ಟು ಕೀಲಿ ಹಾಕಿದ. "ಈಗ ಊರಿಗೆ ಹೋಗು. ಕಲ್ಲು ಎತ್ತೂದಿದ್ರ ಎರಡೂ ಕೈ ಖಾಲಿ ಬೇಕು."

ಧನರಾಜ ಹೊಲ ಮುಟ್ಟಿದಾಗ ಶಿವರಾಜ ಉತ್ತ ಮಣ್ಣಿನಲ್ಲಿ ಮೊಣಕಾಲೂರಿ, ಚೆಲ್ಲಿದ ಗದ್ದುಗೆಯ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಧೋತರದಲ್ಲಿ ಕೂಡಿಸುತ್ತಿದ್ದ. ತಮ್ಮನನ್ನು ಕಂಡು ಎದ್ದು ನಿಂತ. ಅವನು ಮೊದಲು ನೋಡಿದ್ದು ಧನರಾಜನ ಮುಖವನ್ನಲ್ಲ, ಕೈಗಳನ್ನು.

"ನಾ ಮಂಡಿಗೆ ಬೀಜಕ್ಕ ಹೋಗಿದ್ದೆನೋ ತಮ್ಮಾ. ಹುಲ್ಲು ಬೆಳೆದಿತ್ತು, ಬಾಡಿಗಿ ಟ್ರ್ಯಾಕ್ಟರಿನವಗ ಒಡ್ಡೂ ಕಂಡಿಲ್ಲ, ಗದ್ದಿಗೀನೂ ಕಂಡಿಲ್ಲ. ಅಪ್ಪನ ಆಣಿ."

ಅವನ ಬೆರಳ ತುದಿಗಳೆಲ್ಲ ಕಿತ್ತು ರಕ್ತ ಬಂದಿತ್ತು. ಧನರಾಜ ಬಗ್ಗಿ ಒಂದು ಕಲ್ಲು ಎತ್ತಿದ. ಹೊತ್ತು ಮುಳುಗುವುದರೊಳಗೆ ಇಬ್ಬರೂ ಸೇರಿ ಅಪ್ಪನನ್ನು ಮತ್ತೆ ಅವನ ಜಾಗಕ್ಕೆ ತಂದರು. ತಾನು ಬಂದೂಕು ಹಿಡಿದು ಬಂದಿದ್ದರೆ ಇಷ್ಟು ಕೇಳುವ ತಾಳ್ಮೆ ತನಗೆ ಇರುತ್ತಿತ್ತೇ ಅಂತ ಧನರಾಜ ತನ್ನನ್ನೇ ಕೇಳಿಕೊಂಡ.

ಮುಂದಿನ ವಾರ ಶಿವರಾಜ ತಾನೇ ಕಾರ್ಖಾನೆಯ ಗೇಟಿಗೆ ಬಂದ. ಕಟ್ಟೆಯ ಮೇಲೆ ಹಂಗಿಸಿದ್ದ ಬಾಯಿಯಲ್ಲಿ ಈಗ ಮರ್ಯಾದೆ ಬಂದಿತ್ತು. "ಹವಾಲ್ದಾರ್ರ, ಆ ದಿವಸ ನಮ್ಮ ತಮ್ಮ ಬಂದೂಕ ಕೇಳಾಕ ಬಂದಿದ್ದ ಅಂತ ಕಾಶಿರಾಮ ಊರ ತುಂಬ ಹೇಳ್ಯಾನ. ಖರೇನ್ರಿ?"

ಧನರಾಜ ಅಲ್ಲೇ ಗೇಟಿನ ಹತ್ತಿರ ನಿಂತಿದ್ದ.

"ಖರೇರಿ, ಕೇಳಿದ" ಅಂದ ಮಚ್ಚೇಂದ್ರ. "ಯಾವ ಕೆಲಸಕ್ಕ ಅಂದೆ. ಅಣ್ಣ ಅಂದ, ಅಳಾಕತ್ತಿದ. ಅದಕ್ಕ ಬಂದೂಕ ಬೇಕಾಗಂಗಿಲ್ಲ ಅಂತ ಊರಿಗೆ ಕಳಿಸಿದೆ."

ಶಿವರಾಜ ಟವೆಲಿನಿಂದ ಕಣ್ಣು ಒತ್ತಿಕೊಂಡು, ಇಬ್ಬರಿಗೂ ಕೈಮುಗಿದು ಹೊರಟ. ಸುಳ್ಳೂ ಹೇಳದೆ, ಯಾರ ಮಾನವನ್ನೂ ತೆಗೆಯದೆ ಹೀಗೆ ಮಾತಾಡುವ ಇನ್ನೊಬ್ಬನನ್ನು ಧನರಾಜ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಸೂರ್ಯಕಾಂತನ ವಿಷಯ ಅವನೇನೂ ಬಿಟ್ಟುಕೊಟ್ಟಿಲ್ಲ. ಕ್ಯಾಂಪಿನ ಸುದ್ದಿ ಬಂದಾಗಲೆಲ್ಲ ಇಬ್ಬರೂ ಇವತ್ತಿಗೂ ಜಗಳಾಡುತ್ತಾರೆ. ಆದರೆ ಆ ದಿನ ಅವನಿಗೆ ಬೇರೆಯೇ ಒಂದು ಮಾತು ಆಡುವುದಿತ್ತು.

"ಉಸ್ತಾದ, ಅವತ್ತ ನಾ ನಿಮಗ ನಿನ್ನಂಥವ ಅಂದೆ."

"ಅದನ್ನೂ ತಿಜೋರಿಯಾಗ ಇಟ್ಟೀನಿ. ಬೇಕಂದ್ರ ಯಾವ ಕೆಲಸಕ್ಕ ಹೇಳಿ ತೊಗೋ."

ಧನರಾಜ ತಲೆ ತಗ್ಗಿಸಿದ. ಪಾಳಿಯ ಹೊತ್ತಾಗಿತ್ತು. ಮೂಗು ಒರೆಸಿಕೊಂಡು, ಎದುರು ನೆಟ್ಟಗೆ ನಿಂತು, ಇನ್ನೂ ರಸ್ತೆ ದಾಟುತ್ತಿದ್ದ ಅಣ್ಣನಿಗೂ ಕೇಳುವ ಹಾಗೆ ಹೇಳಿದ.

"ಧನರಾಜ. ಗೇಟ್ ಪಹರೆ."